ಚಾವಡಿಯೂ ಕಾಫೀಮನೆಯೂ: ಒಳಾಂಗಣದ ಔಚಿತ್ಯ ವಿಚಾರ

ಕಾವ್ಯವನ್ನು ವಿಮರ್ಶಿಸುವವರು ಮನೆಯನ್ನೂ ಉಪಾಹಾರಗೃಹವನ್ನೂ ವಿಮರ್ಶಿಸಲು ಹೊರಟರೆ ಅದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಮನುಷ್ಯನು ಬುದ್ಧಿಪೂರ್ವಕವಾಗಿ ಕಟ್ಟಿದ ಕೃತಿಯೆಲ್ಲವೂ ವಿಮರ್ಶೆಗೆ ವಿಷಯವೇ ಸರಿ. ರುಚಿಸದ ಪುಸ್ತಕವನ್ನು ಮುಚ್ಚಿಡಬಹುದು. ವಾಸಿಸುವ ಕೋಣೆಯನ್ನು ಹಾಗೆ ಮುಚ್ಚಿಡಲು ಬಾರದು. ಅದು ನಮ್ಮ ಕಣ್ಣು, ಬೆನ್ನು, ಉಸಿರು, ಮಾತು ಇವೆಲ್ಲದರ ಮೇಲೂ ಹಗಲಿರುಳು ಪ್ರಭಾವ ಬೀರುತ್ತಲೇ ಇರುತ್ತದೆ. ಈಗ ನಮ್ಮ ಸಣ್ಣ ಊರುಗಳಲ್ಲಿಯೂ ಹೊಸ ಮನೆಗಳೂ ಹೊಸ ಹೋಟೆಲುಗಳೂ ಏಳುತ್ತಿವೆ. ‘ಒಳಾಂಗಣ ವಿನ್ಯಾಸ’ವೆಂಬುದು ಒಂದು ಸ್ವತಂತ್ರ ವೃತ್ತಿಯಾಗಿ ಬೆಳೆದಿದೆ. ಅದರ ವಿಷಯವಾಗಿ ಹೊರಡುವ ಬರವಣಿಗೆಯಾದರೋ ಬಹುಮಟ್ಟಿಗೆ ಮಾರಾಟಗಾರರ ಹೊಗಳಿಕೆ. ಗುಣದೋಷಗಳನ್ನು ತೂಗಿ ನೋಡುವ ಕೆಲಸವನ್ನು ಯಾರಾದರೂ ಮಾಡಬೇಕಷ್ಟೆ.

ತೂಗುವುದಕ್ಕೆ ತಕ್ಕಡಿ ಬೇಕು. ಅದನ್ನು ನಾವು ಹೊರಗಿನಿಂದ ಎರವಲು ತರಬೇಕಾಗಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ‘ಔಚಿತ್ಯವಿಚಾರಚರ್ಚಾ’ ಎಂಬ ಗ್ರಂಥದಲ್ಲಿ ಕಾವ್ಯದ ಜೀವವೇ ಔಚಿತ್ಯವೆಂದು ವಾದಿಸಿದನು. ಅಲಂಕಾರವು ತನ್ನ ಸ್ಥಾನದಲ್ಲಿದ್ದರೆ ಮಾತ್ರ ಅಲಂಕಾರ. ಸೊಂಟದ ಡಾಬನ್ನು ಕೊರಳಿಗೂ ಕೊರಳ ಹಾರವನ್ನು ಸೊಂಟಕ್ಕೂ ತೊಟ್ಟವರನ್ನು ಕಂಡು ಯಾರು ನಗುವುದಿಲ್ಲ ಎಂಬುದು ಅವನ ವಾದದ ಸಾರ. ಕನ್ನಡ ತರಗತಿಯಲ್ಲಿ ಉಪಮೆ ರೂಪಕಗಳನ್ನು ಕಲಿಸುವ ಉಪಾಧ್ಯಾಯರಿಗೆ ಇದು ಹೊಸ ಮಾತಲ್ಲ. ಈ ತತ್ತ್ವವನ್ನು ಕೋಣೆಗೆ ಅನ್ವಯಿಸಿದರೆ ಮೂರು ಪ್ರಶ್ನೆಗಳು ಹುಟ್ಟುತ್ತವೆ. ಈ ಏರ್ಪಾಡು ಈ ಮಣ್ಣಿನ ಮಳೆಬಿಸಿಲುಗಳಿಗೆ ಹೊಂದುತ್ತದೆಯೆ? ಇಲ್ಲಿ ಕುಳಿತುಕೊಳ್ಳುವವರು ಯಾರು, ಹೊರಗೆ ನಿಲ್ಲುವವರು ಯಾರು? ಇಲ್ಲಿಯ ಸುಖಕ್ಕಾಗಿ ದಣಿಯುವವರು ಯಾರು? ಅಂದಚೆಂದದ ಪ್ರಶ್ನೆ ಇವುಗಳ ಅನಂತರ ಬರತಕ್ಕದ್ದು. ಇವುಗಳಿಗೆ ಸರಿಯಾದ ಉತ್ತರ ದೊರೆತ ಕಡೆ ಅದು ಅರ್ಧ ಬಗೆಹರಿದೇ ಇರುತ್ತದೆ.

ಮೊದಲು ನಮ್ಮ ಸೀಮೆಯ ಹಳೆಯ ಮನೆಯನ್ನೇ ಪರಿಶೀಲಿಸೋಣ. ಕಾಸರಗೋಡಿನ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಮಳೆ ನಿಂತ ಮೇಲೆ ಬಿಸಿಲಿಗಿಂತಲೂ ಸೆಕೆ ಹೆಚ್ಚು. ಈ ಎರಡು ಶತ್ರುಗಳನ್ನು ಎದುರಿಟ್ಟುಕೊಂಡೇ ಇಲ್ಲಿಯ ಮನೆ ರೂಪುಗೊಂಡಿತು. ಗೋಡೆಗೆ ಮುರಕಲ್ಲು. 1807ರಲ್ಲಿ ಫ್ರಾನ್ಸಿಸ್ ಬುಕಾನನನು ಮಲಬಾರಿನ ಅಂಗಾಡಿಪುರದಲ್ಲಿ ನೋಡಿ ‘ಲ್ಯಾಟರೈಟ್’ ಎಂದು ಹೆಸರಿಟ್ಟದ್ದು ಇದೇ ಕಲ್ಲಿಗೆ. ಗಣಿಯಲ್ಲಿ ಹಸಿಯಾಗಿರುವಾಗ ಕೈಹತಾರಿನಿಂದ ಕಡಿಯುವಷ್ಟು ಮೆದು, ಗಾಳಿಗೆ ಒಡ್ಡಿದ ಮೇಲೆ ಗಡುಸು. ದಪ್ಪವಾದ ಅದರ ಗೋಡೆ ಹಗಲಿನ ಕಾವನ್ನು ಬೇಗನೆ ಒಳಕ್ಕೆ ಬಿಡದು. ಮೇಲೆ ಇಳಿಜಾರಾದ ಹಂಚಿನ ಮಾಡು. ಗೋಡೆಯನ್ನು ದಾಟಿ ತಗ್ಗಾಗಿ ಇಳಿಯುವ ಸೂರು. ಆ ಸೂರಿನ ಕೆಳಗೆ ಜಗಲಿ, ಅದನ್ನು ದಾಟಿದರೆ ಚಾವಡಿ, ಅದರೊಳಗೆ ನಡುಮನೆ. ಬೆಳಕು ಮೆಟ್ಟಿಲು ಮೆಟ್ಟಿಲಾಗಿ ಕಡಮೆಯಾಗುತ್ತ ಒಳಗೆ ಬರುತ್ತದೆ, ಕಣ್ಣು ಕುಕ್ಕುವುದಿಲ್ಲ. ಹಂಚುಹಂಚಿನ ನಡುವಣ ಸಂದುಗಳಿಂದ ಬಿಸಿಗಾಳಿ ಮೇಲಕ್ಕೆ ಹಾಯುತ್ತದೆ. ನಡುವೆ ಒಂದೆರಡು ಗಾಜಿನ ಹಂಚು ಕೂಡಿಸಿದರೆ ಕತ್ತಲೆಯ ಮೂಲೆಗೂ ಹಗಲು ಇಳಿಯುತ್ತದೆ. ಕೆಳಗೆ ಕಾವಿ ಬಣ್ಣದ ನುಣುಪು ನೆಲ, ಬರಿಗಾಲಿಗೆ ತಂಪು.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ‘ಪರಂಪರೆ’ ಎಂದು ನಾವು ಎದೆ ತಟ್ಟಿಕೊಳ್ಳುವ ಈ ಮನೆಯಲ್ಲಿ ಎಲ್ಲವೂ ಅನಾದಿಯಲ್ಲ. ಮಾಡಿನ ಹಂಚು ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ತೆರೆದ ಕಾರ್ಖಾನೆಯ ಮಾದರಿಯದು. ಅದಕ್ಕೆ ಮುಂಚೆ ಬಹುಮಂದಿಯ ತಲೆಯ ಮೇಲೆ ಇದ್ದದ್ದು ಹುಲ್ಲು, ಮಡಲು. ಕೆಂಪು ನೆಲವೂ ಸಿಮೆಂಟು ಬಂದ ಮೇಲೆ ಅದಕ್ಕೆ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಬೆರೆಸಿ, ಕರಣೆಯಿಂದ ಉಜ್ಜಿ ಉಜ್ಜಿ ಹೊಳಪೇರಿಸಿದ ಕೆಲಸ. ಹಿಂದಿನದು ಸೆಗಣಿ ಸಾರಿಸಿದ ನೆಲ. ಹೊರಗಿನಿಂದ ಬಂದದ್ದು ಈ ಮಣ್ಣಿಗೆ ಹೊಂದಿದರೆ ಎರಡು ತಲೆಮಾರಿನಲ್ಲಿ ಒಳಗಿನದೇ ಆಗುತ್ತದೆ. ಕನ್ನಡವು ಸಂಸ್ಕೃತದಿಂದಲೂ ಪಾರಸಿಯಿಂದಲೂ ಪೋರ್ಚುಗೀಸಿನಿಂದಲೂ ಶಬ್ದಗಳನ್ನು ಪಡೆದು ತನ್ನ ಪ್ರತ್ಯಯಗಳಿಂದ ಅವನ್ನು ಪಳಗಿಸಿದಂತೆಯೇ ಇದು. ‘ಮೇಜು’, ‘ಕುರ್ಚಿ’ ಎಂಬ ಮಾತುಗಳೇ ಇದಕ್ಕೆ ಸಾಕ್ಷಿ. ಆದುದರಿಂದ ಹೊಸದನ್ನು ಹೊಸದೆಂಬ ಒಂದೇ ಕಾರಣಕ್ಕೆ ತಿರಸ್ಕರಿಸುವ ವಿಮರ್ಶೆಯನ್ನು ನಾವು ಒಪ್ಪಲಾರೆವು.

ಹಳೆಯದನ್ನು ಹಳೆಯದೆಂಬ ಕಾರಣಕ್ಕೆ ಪೂಜಿಸುವುದನ್ನೂ ಒಪ್ಪಲಾರೆವು. ಮೊದಲನೆಯ ಪ್ರಶ್ನೆಯಲ್ಲಿ ಉತ್ತಮ ಅಂಕಗಳನ್ನು ಪಡೆದ ಈ ಮನೆ ಉಳಿದೆರಡರಲ್ಲಿ ತಲೆ ತಗ್ಗಿಸುತ್ತದೆ. ಚಾವಡಿಯ ಗಾಳಿಬೆಳಕು ಯಜಮಾನನದು, ಅವನ ಅತಿಥಿಗಳದು. ಅಡುಗೆಯ ಕೋಣೆ ಮನೆಯ ಹಿಂಬದಿಯ ಕತ್ತಲೆಯಲ್ಲಿ. ಹಸಿ ಸೌದೆಯ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಹೆಂಗಸರು ಮೂರು ಹೊತ್ತು ಅಲ್ಲಿ ಬಗ್ಗಿ ಕುಳಿತು ಬೇಯಿಸಬೇಕು. ಯಾರು ಜಗಲಿಯವರೆಗೆ ಬರಬಹುದು, ಯಾರು ಅಂಗಳದಲ್ಲಿಯೇ ನಿಲ್ಲಬೇಕು ಎಂಬುದನ್ನು ಜಾತಿ ನಿರ್ಣಯಿಸುತ್ತಿತ್ತು. ಹೊಸ್ತಿಲುಗಳ ಎತ್ತರವು ಆ ನಿರ್ಣಯವನ್ನು ಸಾರಿ ಹೇಳುತ್ತಿತ್ತು. ಇಂದು ಛಾಯಾಚಿತ್ರಗಳಲ್ಲಿ ಹಳೆಯ ಚಾವಡಿಯ ಕಂಬಗಳನ್ನು ನೋಡಿ ಮನಸೋಲುವವರು ಆ ಅಂಗಳದಲ್ಲಿ ನಿಂತವರ ಕಾಲಿನ ನೋವನ್ನೂ ನೆನೆಯುವುದು ಒಳ್ಳೆಯದು. ಅಡುಗೆಮನೆಯ ಹೊಗೆಗೆ ಪರಿಹಾರವನ್ನು ಯೋಚಿಸಿದವರು ಅಲಂಕಾರಕರಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಿಂದ ಹೊಗೆಯಿಲ್ಲದ ‘ಅಸ್ತ್ರ ಒಲೆ’ ಹೊರಟಿತು. ನಮ್ಮ ತಕ್ಕಡಿಯಲ್ಲಿ ಆ ಒಲೆ, ಕೆತ್ತನೆಯ ಬಾಗಿಲುಗಳ ಒಂದು ಸಾಲಿಗಿಂತ ಹೆಚ್ಚು ತೂಗುತ್ತದೆ.

ಮನೆಯಿಂದ ಹೋಟೆಲಿಗೆ ಬರೋಣ. ದಕ್ಷಿಣ ಕನ್ನಡದವರು, ಅದರಲ್ಲಿಯೂ ಉಡುಪಿಯ ಕಡೆಯವರು, ಊರೂರಿಗೆ ಹೋಗಿ ತೆರೆದ ಫಲಾಹಾರ ಮಂದಿರಗಳು ನಮ್ಮ ದೇಶದ ಸಾರ್ವಜನಿಕ ಜೀವನಕ್ಕೆ ಸಂದ ದೊಡ್ಡ ಕಾಣಿಕೆ. ಅವುಗಳ ಒಳಾಂಗಣಕ್ಕೆ ವಿನ್ಯಾಸಕಾರರಿರಲಿಲ್ಲ; ಅನುಭವವೇ ವಿನ್ಯಾಸಕಾರ. ಅಮೃತಶಿಲೆಯ ಹಲಗೆಯ ಮೇಜು ಶೋಕಿಗಾಗಿ ಬಂದದ್ದಲ್ಲ. ಸಾಂಬಾರು ಚೆಲ್ಲಿದರೆ ಒಂದೇ ಒರೆಸಿಗೆ ಹೋಗುತ್ತದೆ, ಮರದಂತೆ ನೀರು ಹೀರಿ ಉಬ್ಬುವುದಿಲ್ಲ. ಗೋಡೆಯ ಕನ್ನಡಿ ಇಕ್ಕಟ್ಟನ್ನು ವಿಶಾಲವಾಗಿ ಕಾಣಿಸುತ್ತದೆ. ಬಾಗಿಲ ಬಳಿಯಲ್ಲಿ ಗಲ್ಲಾ. ಅಲ್ಲಿ ಕುಳಿತ ಧಣಿಗೆ ಒಳಬರುವವರೂ ಹೊರಹೋಗುವವರೂ ಒಂದೇ ನೋಟಕ್ಕೆ ದಕ್ಕುತ್ತಾರೆ. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನದ ಗೋಡೆಗಳ ಮೇಲೆ ಕನ್ನಡ ಸಾಹಿತಿಗಳ ರೇಖಾಚಿತ್ರಗಳಿವೆ. ಸಾಹಿತಿಗಳು ವಾಸಿಸಿದ, ನಡೆದಾಡಿದ ಬಡಾವಣೆಯ ಹೋಟೆಲಿನಲ್ಲಿ ಅವರ ಮುಖಗಳಿರುವುದು ಸ್ಥಳೋಚಿತವಾದ ಅಲಂಕಾರ. ಅವೇ ಚಿತ್ರಗಳನ್ನು ಇನ್ನಾವುದೋ ಊರಿನ ವಿಮಾನ ನಿಲ್ದಾಣದ ಅಂಗಡಿಗೆ ಹಚ್ಚಿದರೆ ಅವು ಬರಿಯ ಗೋಡೆಯ ಕಾಗದವಾಗಿಬಿಡುತ್ತವೆ.

ಹೋಟೆಲಿಗೂ ಕಪ್ಪು ಇತಿಹಾಸವೊಂದು ಉಂಟು. ಇಂದು ಎಂ.ಟಿ.ಆರ್. ಎಂದು ಹೆಸರಾದ ಸಂಸ್ಥೆ 1924ರಲ್ಲಿ ಆರಂಭವಾದದ್ದು ‘ಬ್ರಾಹ್ಮಣರ ಕಾಫಿ ಕ್ಲಬ್ಬು’ ಎಂಬ ಹೆಸರಿನಿಂದ. ಆ ಕಾಲದ ಅನೇಕ ಫಲಾಹಾರ ಮಂದಿರಗಳಲ್ಲಿ ಕೋಣೆಗಳ ವಿಂಗಡಣೆಯೆಂದರೆ ಜಾತಿಯ ವಿಂಗಡಣೆ. ಅಡ್ಡಗೋಡೆಯನ್ನು ಎಲ್ಲಿ ಎಬ್ಬಿಸಬೇಕು ಎಂಬುದು ವಿನ್ಯಾಸದ ಪ್ರಶ್ನೆಯಂತೆ ಕಂಡರೂ ಮೂಲದಲ್ಲಿ ಅದು ನ್ಯಾಯದ ಪ್ರಶ್ನೆ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲು ಇವುಗಳನ್ನು ಹೆಸರು ಹಿಡಿದು ಹೇಳಿ, ಅಲ್ಲಿಗೆ ಜಾತಿ ಮತಗಳ ಕಾರಣದಿಂದ ಯಾವ ನಾಗರಿಕನನ್ನೂ ತಡೆಯಕೂಡದೆಂದು ವಿಧಿಸಿತು. ಈ ದೇಶದ ಉಪಾಹಾರಗೃಹಗಳ ಒಳಾಂಗಣವನ್ನು ಇದಕ್ಕಿಂತ ಆಳವಾಗಿ ಬದಲಿಸಿದ ನಕ್ಷೆಯನ್ನು ಯಾವ ವಾಸ್ತುಶಿಲ್ಪಿಯೂ ಬರೆದಿಲ್ಲ.

ಇದೇ ಸಂದರ್ಭದಲ್ಲಿ ಕಾಫೀಮನೆಯ ಕಥೆಯನ್ನು ಹೇಳಬೇಕು. ಕಾಸರಗೋಡಿನವರಿಗೆ ಅದರಲ್ಲಿ ಒಂದು ಸಂಬಂಧವೂ ಉಂಟು. ಕಾಫಿಯ ಪ್ರಚಾರಕ್ಕಾಗಿ 1936ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ಮೊದಲ ‘ಇಂಡಿಯಾ ಕಾಫಿ ಹೌಸ್’ ತೆರೆಯಿತು. 1950ರ ದಶಕದ ನಡುವೆ ಕಾಫಿ ಮಂಡಳಿಯು ತನ್ನ ಮನೆಗಳನ್ನು ಮುಚ್ಚತೊಡಗಿದಾಗ ಕೆಲಸಗಾರರು ಬೀದಿಗೆ ಬಿದ್ದರು. ಎ. ಕೆ. ಗೋಪಾಲನ್ನರ ಮುಂದಾಳುತನದಲ್ಲಿ ಅವರು ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಮೊದಲ ಸಂಘ 1957ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಕೇರಳದ ಮೊದಲ ಕಾಫೀಮನೆ 1958ರಲ್ಲಿ ತೃಶ್ಶೂರಿನಲ್ಲಿ ತೆರೆಯಿತು. ಆ ಗೋಪಾಲನ್ನರೇ 1957ರಿಂದ ಮೂರು ಸಲ ಕಾಸರಗೋಡಿನಿಂದ ಲೋಕಸಭೆಗೆ ಆಯ್ಕೆಯಾದವರು. ಬಡಿಸುವವನೇ ಒಡೆಯನೂ ಆಗಿರುವ ಹೋಟೆಲು ಎಂತಹ ಕಟ್ಟಡದಲ್ಲಿರಬೇಕು? ತಿರುವನಂತಪುರದ ತಂಪಾನೂರಿನಲ್ಲಿ ಇದಕ್ಕೊಂದು ಉತ್ತರ ನಿಂತಿದೆ.

ಅದನ್ನು ರಚಿಸಿದವರು ಲಾರಿ ಬೇಕರ್. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, 1945ರಲ್ಲಿ ಭಾರತಕ್ಕೆ ಬಂದು, ಇಲ್ಲಿಯವರೇ ಆಗಿ, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡವರು. ತಂಪಾನೂರಿನ ಬಸ್ಸು ನಿಲ್ದಾಣ, ರೈಲು ನಿಲ್ದಾಣಗಳ ಸಮೀಪ, ಇಕ್ಕಟ್ಟಾದ ನೆಲದ ಮೇಲೆ, ಅವರು ಇಟ್ಟಿಗೆಯ ದುಂಡು ಗೋಪುರವೊಂದನ್ನು ಎಬ್ಬಿಸಿದರು. ಒಳಗೆ ಮಹಡಿಗಳೆಂಬುದೇ ಇಲ್ಲ. ನಡುವಣ ಕಂಬದಂತಹ ತಿರುಳನ್ನು ಸುತ್ತುತ್ತ ಒಂದೇ ಏರುದಾರಿ ತುದಿಯವರೆಗೆ ಸಾಗುತ್ತದೆ. ಹೊರಗೋಡೆಯ ಉದ್ದಕ್ಕೂ ಮೇಜು, ಎದುರುಬದುರು ಪೀಠ. ಎಲ್ಲವೂ ಗಾರೆಯಲ್ಲಿ ಕಟ್ಟಿದವು. ಗೋಡೆಯಲ್ಲಿ ಇಟ್ಟಿಗೆಗಳನ್ನು ಬಿಟ್ಟು ಬಿಟ್ಟು ಜೋಡಿಸಿದ ಜಾಲಂಧ್ರಗಳು. ಅವುಗಳಿಂದ ಗಾಳಿ ಬೆಳಕು ಒಳಬರುತ್ತವೆ, ಬಿಸಿಲಿನ ಉರಿ ಬಾರದು.

ಈ ಕೃತಿಯ ಗುಣವೇನು? ಮೊದಲನೆಯದಾಗಿ ಇಲ್ಲಿ ಅಲಂಕಾರವೂ ಪ್ರಯೋಜನವೂ ಬೇರೆ ಬೇರೆಯಲ್ಲ. ನೆಲದ ಮೇಲೆ ಬೀಳುವ ಬೆಳಕಿನ ಚುಕ್ಕಿಗಳೇ ಚಿತ್ತಾರ. ಅವನ್ನು ಉಂಟುಮಾಡುವ ರಂಧ್ರಗಳೇ ಕಿಟಕಿ. ಎರಡನೆಯದಾಗಿ, ಬಸ್ಸಿಗೆ ಕಾಯುವವನು ಹತ್ತು ನಿಮಿಷ ಕುಳಿತು ಏಳುವ ಜಾಗಕ್ಕೆ ಗಾರೆಯ ಪೀಠ ಸಾಕು. ಮುರಿಯುವುದಿಲ್ಲ, ಎಳೆದಾಡುವ ಸದ್ದಿಲ್ಲ, ತೊಳೆಯುವುದು ಸುಲಭ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಒಂದೇ ಸಾಲಿನಲ್ಲಿ ಹೊರಟ ಮೇಜುಗಳಲ್ಲಿ ‘ಒಳ್ಳೆಯ ಮೇಜು’ ಎಂಬುದಿಲ್ಲ. ಅಧಿಕಾರಿಗೆ ಬೇರೆ ಕೋಣೆ, ಕೂಲಿಗೆ ಬೇರೆ ಮೂಲೆ ಎಂದು ವಿಂಗಡಿಸಲು ಈ ಸುರುಳಿಯಲ್ಲಿ ಆಸ್ಪದವೇ ಇಲ್ಲ. ಸಂವಿಧಾನವು ಅಕ್ಷರದಲ್ಲಿ ಹೇಳಿದ್ದನ್ನು ಇದು ಇಟ್ಟಿಗೆಯಲ್ಲಿ ಹೇಳುತ್ತದೆ.

ದೋಷಗಳೂ ಇವೆ, ಅವನ್ನು ಮರೆಸಿ ಹೊಗಳುವುದು ವಿಮರ್ಶಕನ ಧರ್ಮವಲ್ಲ. ನಮ್ಮ ಮೂರನೆಯ ಪ್ರಶ್ನೆಯನ್ನು ಇಲ್ಲಿ ಕೇಳಲೇಬೇಕು. ಕೈಯಲ್ಲಿ ತಟ್ಟೆಗಳನ್ನು ಹೊತ್ತು ದಿನವಿಡೀ ಆ ಏರನ್ನು ಹತ್ತಿ ಇಳಿಯುವವನು ಬಿಳಿಯ ಪೇಟದ ಆ ಕೆಲಸಗಾರ. ನೋಡಲು ಬಂದವರು ಮೆಚ್ಚುವ ಸುರುಳಿಗೆ ಅವನ ಮೊಣಕಾಲುಗಳು ಬೆಲೆ ತೆರುತ್ತವೆ. ವೃದ್ಧರಿಗೂ ಗಾಲಿಕುರ್ಚಿಯವರಿಗೂ ಆ ದಾರಿ ಸುಗಮವೆನ್ನಲು ಬಾರದು. ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಎಟುಕಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಹೇಳಿದ ಮೇಲೆ ಈ ಕೊರತೆಯನ್ನು ಚಿಕ್ಕದೆಂದು ತಳ್ಳಿಹಾಕಲಾಗದು. ಕದಲದ ಪೀಠಕ್ಕೂ ಮೇಜಿಗೂ ನಡುವಣ ಅಂತರ ಒಂದೇ ಅಳತೆಯದು. ಮನುಷ್ಯರ ಮೈ ಒಂದೇ ಅಳತೆಯದಲ್ಲ. ಆರು ಮಂದಿ ಗೆಳೆಯರು ಬಂದರೆ ಮೇಜು ಕೂಡಿಸುವಂತಿಲ್ಲ. ಹೀಗಿದ್ದೂ ಇದು ದೊಡ್ಡ ಕೃತಿಯೇ. ಅದರ ದೋಷಗಳು ಒಂದು ಆಲೋಚನೆಯನ್ನು ಕೊನೆಯವರೆಗೆ ನಡಸಿದ್ದರಿಂದ ಬಂದವು, ಆಲೋಚನೆಯೇ ಇಲ್ಲದೆ ಬಂದವಲ್ಲ.

ಆಲೋಚನೆಯಿಲ್ಲದ ಕೆಲಸಕ್ಕೆ ಉದಾಹರಣೆಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಪಟ್ಟಣದ ಯಾವ ಹೆದ್ದಾರಿಯಲ್ಲಿಯೂ ಇಂದು ‘ಹಳ್ಳಿಯ ಸೊಗಡಿನ’ ಉಪಾಹಾರಗೃಹವೊಂದು ಸಿಕ್ಕುತ್ತದೆ. ಗೋಡೆಗೆ ಇಟ್ಟಿಗೆಯ ಚಿತ್ರವಿರುವ ಕಾಗದ. ಅದರ ಹಿಂದೆ ನಿಜವಾದ ಇಟ್ಟಿಗೆ. ಮೂಲೆಯಲ್ಲಿ ಎತ್ತಿನ ಗಾಡಿಯ ಒಂದು ಚಕ್ರ. ಒರಳುಕಲ್ಲಿನಲ್ಲಿ ಪ್ಲಾಸ್ಟಿಕ್ಕಿನ ಹೂವು. ಹಳೆಯ ಮನೆಯ ಬಾಗಿಲು ಅಡ್ಡ ಮಲಗಿ ಮೇಜಾಗಿದೆ. ಅದರ ಕೆತ್ತನೆಯ ಸಂದುಗಳಲ್ಲಿ ಚಟ್ನಿ ಸೇರುವುದರಿಂದ ಮೇಲೆ ಗಾಜು ಹೊದಿಸಿದ್ದಾರೆ. ಕ್ಷೇಮೇಂದ್ರನ ಕೊರಳ ಡಾಬು ಇದಲ್ಲದೆ ಬೇರೇನು? ಚಕ್ರವು ಉರುಳದು, ಒರಳು ಅರೆಯದು, ಬಾಗಿಲು ತೆರೆಯದು. ಹಳೆಯ ಮರವನ್ನು ಮತ್ತೆ ಬಳಸುವುದು ತಪ್ಪೆಂದು ನಮ್ಮ ಅಭಿಪ್ರಾಯವಲ್ಲ; ಅದು ಮಿತವ್ಯಯ, ಸ್ತುತ್ಯರ್ಹ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಸ್ತಶಿಲ್ಪ ಗ್ರಾಮದಲ್ಲಿ ಕಳಚಿಹೋಗಲಿದ್ದ ಮನೆಗಳನ್ನು ತಂದು ಮರಳಿ ನಿಲ್ಲಿಸಿದರು. ಚೆನ್ನೈಯ ಸಮೀಪದ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರನ ಮನೆಯನ್ನೂ ಕಾಣಬಹುದು. ಅಲ್ಲಿ ಕಂಬಕ್ಕೆ ಮೇಲೆ ತೊಲೆಯಿದೆ, ಬಾಗಿಲಿಗೆ ಆಚೆ ಕೋಣೆಯಿದೆ. ವಾಕ್ಯದಿಂದ ಕಿತ್ತ ಶಬ್ದಕ್ಕೂ ವಾಕ್ಯದಲ್ಲಿರುವ ಶಬ್ದಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ.

ಹೊಸ ಮನೆಗಳ ಒಳಗೂ ಇದೇ ರೋಗ ಬೇರೆ ರೂಪದಲ್ಲಿ ತೋರುತ್ತದೆ. ಎತ್ತರವಿದ್ದ ಕೋಣೆಗೆ ಜಿಪ್ಸಮ್ಮಿನ ಹುಸಿ ಮಾಳಿಗೆಯನ್ನು ತೂಗಿಹಾಕಿ ತಗ್ಗಿಸುವುದು. ಬಿಸಿಗಾಳಿ ಏರಲು ಇದ್ದ ಎಡೆಯನ್ನು ಹೀಗೆ ಮುಚ್ಚಿ, ಅನಂತರ ತಂಪಿನ ಯಂತ್ರವನ್ನು ಕೊಳ್ಳುವುದು. ಮಳೆಗಾಲದ ತೇವಕ್ಕೆ ಉಬ್ಬುವ ಹುಡಿಮರದ ಹಲಗೆಗಳಿಂದ ಅಡುಗೆಮನೆಯ ಕಪಾಟುಗಳನ್ನು ಮಾಡಿಸುವುದು. ಒದ್ದೆ ಕಾಲಿಗೆ ಜಾರುವ ಹೊಳಪಿನ ನೆಲವನ್ನು, ಅಜ್ಜ ಅಜ್ಜಿಯರಿರುವ ಮನೆಗೆ, ಬಚ್ಚಲ ಬಾಗಿಲವರೆಗೂ ಹಾಸುವುದು. ಇವೆಲ್ಲಕ್ಕೂ ಹಣ ಬೇಕು. ಔಚಿತ್ಯಕ್ಕೆ ಬೇಕಾದದ್ದು ಹಣಕ್ಕಿಂತ ವಿವೇಚನೆ.

ವಿವೇಚನೆಯ ಮಾರ್ಗಗಳು ದುರ್ಲಭವಲ್ಲ. ಬೇಕರರು ಪ್ರಚಾರಕ್ಕೆ ತಂದ ಒಂದು ಇಟ್ಟಿಗೆ ಕಟ್ಟುವ ಕ್ರಮದಲ್ಲಿ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ಗೋಡೆಯ ನಡುವೆ ಟೊಳ್ಳು ಬಿಡುತ್ತಾರೆ. ಇಟ್ಟಿಗೆ ಸುಮಾರು ನಾಲ್ಕನೆಯ ಒಂದು ಪಾಲು ಉಳಿಯುತ್ತದೆ, ಒಳಗಿನ ಗಾಳಿ ಕಾವನ್ನು ತಡೆಯುತ್ತದೆ. ಕಾಂಕ್ರೀಟಿನ ಮಾಳಿಗೆಯ ಕೆಳಭಾಗದಲ್ಲಿ ಹಳೆಯ ಮಂಗಳೂರು ಹಂಚುಗಳನ್ನು ಹುದುಗಿಸಿದರೆ ಸಿಮೆಂಟು ಕಡಮೆ ಸಾಕು. ಕೆಳಗಿನಿಂದ ನೋಡುವವರಿಗೆ ಹಂಚಿನ ಕೆಂಬಣ್ಣವೇ ಮಾಳಿಗೆಯ ಚಿತ್ತಾರ. ಕಿಟಕಿಯ ತಳದ ಗೋಡೆಯನ್ನು ಒಂದು ಗೇಣು ಒಳಚಾಚಿ ಕಟ್ಟಿದರೆ ಓದುವ ಹುಡುಗನಿಗೆ ಪೀಠ ಸಿದ್ಧ. ಎದುರುಬದುರು ಕಿಟಕಿ, ಮೇಲೊಂದು ಗಾಜಿನ ಹಂಚು, ಗೋಡೆಯಲ್ಲಿ ದೀಪಕ್ಕೂ ಪುಸ್ತಕಕ್ಕೂ ಗೂಡು. ಅಡುಗೆಯ ಕಟ್ಟೆಯನ್ನು ಅಡುಗೆ ಮಾಡುವವರ ಮೊಣಕೈಯ ಎತ್ತರ ನೋಡಿ ಕಟ್ಟಿಸುವುದು, ಮೇಸ್ತ್ರಿಯ ರೂಢಿಯ ಅಳತೆಯಿಂದಲ್ಲ. ಮನೆಯ ಅತ್ಯುತ್ತಮ ಕಿಟಕಿಯನ್ನು ಅತಿಥಿಗಳ ಕೋಣೆಗೆ ಕೊಡುವ ಬದಲು ಆ ಕಟ್ಟೆಯ ಎದುರಿಗೆ ಕೊಡುವುದು. ಹಳೆಯ ಮನೆಯ ಮಳೆಬಿಸಿಲಿನ ಜ್ಞಾನವೂ ಹೊಸ ಕಾಲದ ಸಮಾನತೆಯೂ ಕೂಡಿ ಬಾಳುವುದು ಇಂತಹ ಸಣ್ಣ ನಿರ್ಣಯಗಳಲ್ಲಿಯೇ.

ಕನ್ನಡ ಕಲಿಸುವವರಿಗೂ ಕಲಿಯುವವರಿಗೂ ಈ ವಿಷಯದಲ್ಲಿ ಇನ್ನೊಂದು ಪಾಲು ಉಂಟು. ಗಡಿಯ ಈಚೆಗಿರುವ ನಮ್ಮ ಮಕ್ಕಳು ಮನೆಯ ಮುಂಭಾಗವನ್ನು ‘ಸಿಟೌಟ್’ ಎನ್ನುತ್ತಾರೆ, ಅದರ ಒಳಗಿನದನ್ನು ‘ಹಾಲ್’ ಎನ್ನುತ್ತಾರೆ. ಅವರನ್ನು ಗದರಿಸಿ ಫಲವಿಲ್ಲ. ಜಗಲಿಯಿಲ್ಲದ ಮನೆಯಲ್ಲಿ ಬೆಳೆದ ಹುಡುಗನಿಗೆ ‘ಜಗಲಿ’ ಪಾಠಪುಸ್ತಕದ ಕೊನೆಯಲ್ಲಿ ಅರ್ಥ ಕೊಟ್ಟ ಒಂದು ಶಬ್ದ. ಸೂರು, ಚಾವಡಿ, ಅಟ್ಟ, ಗೂಡು, ಮುಂಡಿಗೆ, ಹೊಸ್ತಿಲು: ವಸ್ತು ಹೋದ ಹಿಂದೆಯೇ ಮಾತೂ ಹೋಗುತ್ತದೆ, ಹಳೆಯ ಕಾವ್ಯದಲ್ಲಿ, ಗಾದೆಯಲ್ಲಿ, ಒಗಟಿನಲ್ಲಿ ಅವು ಬಂದಾಗ ಮಗುವಿನ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಜಾಹೀರಾತಿನ ಒಳಾಂಗಣವು ಎಲ್ಲ ಊರಿನ ಮನೆಗಳನ್ನೂ ಒಂದೇ ಮಾಡುತ್ತಿರುವಾಗ ನಷ್ಟವಾಗುವುದು ಬರಿಯ ತಂಪಲ್ಲ, ನುಡಿಯೂ ಹೌದು.

ಆದುದರಿಂದ ಉಪಾಧ್ಯಾಯರಲ್ಲಿ ನಮ್ಮದೊಂದು ಸೂಚನೆ. ‘ನನ್ನ ಮನೆ’ ಎಂಬ ಪ್ರಬಂಧವನ್ನು ಎಲ್ಲ ಶಾಲೆಗಳಲ್ಲಿಯೂ ಬರೆಯಿಸುತ್ತಾರೆ. ಬಾಯಿಪಾಠದ ಹತ್ತು ವಾಕ್ಯಗಳು ಬರುತ್ತವೆ. ಈ ಸಲ ಮಕ್ಕಳು ಅಳತೆಯ ಪಟ್ಟಿಯೊಂದನ್ನು ಹಿಡಿದು ಮನೆಯನ್ನು ಸುತ್ತಿ ಬರಲಿ. ಮಧ್ಯಾಹ್ನ ಯಾವ ಕೋಣೆಗೆ ಬೆಳಕು ಬೀಳುತ್ತದೆ, ಯಾವುದು ಅತಿ ಸೆಕೆಯದು, ಅಡುಗೆಯ ಕಟ್ಟೆ ಎಷ್ಟು ಎತ್ತರ, ಅಮ್ಮ ದಿನಕ್ಕೆ ಎಷ್ಟು ಸಲ ಬಗ್ಗುತ್ತಾಳೆ, ಮನೆಗೆಲಸಕ್ಕೆ ಬಂದವರು ಎಲ್ಲಿ ಕುಳಿತು ಉಣ್ಣುತ್ತಾರೆ ಎಂಬುದನ್ನು ಬರೆದು ತರಲಿ. ಪ್ರತಿಯೊಂದು ಎಡೆಗೂ ಅಜ್ಜಿ ಏನು ಹೆಸರು ಹೇಳುತ್ತಾಳೆಂದು ಕೇಳಿ ಬದಿಯಲ್ಲಿ ಗುರುತಿಸಲಿ. ವಿಮರ್ಶೆಯ ಮೊದಲ ಪಾಠ ಅದೇ. ಆ ಪುಟಗಳಲ್ಲಿ ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಓದುವಾಗ ಮಕ್ಕಳಿಗಿಂತ ಹಿರಿಯರಾದ ನಾವೇ ಹೆಚ್ಚು ಕಲಿಯಬೇಕಾಗಿ ಬಂದೀತು.